ಮೊದಲು ಕೇಳಿ, ಆಮೇಲೆ ತೀರ್ಮಾನಿಸಿ

ಹೊಸ ವಿದ್ಯುತ್ ಯೋಜನೆಯೊಂದರ ಸುದ್ದಿ ಬಂದ ಕೂಡಲೇ ಜನರಲ್ಲಿ ಎರಡು ಪಂಗಡಗಳು ಹುಟ್ಟಿಕೊಳ್ಳುತ್ತವೆ. 'ಕರೆಂಟ್ ಬೇಡವೇ? ಕತ್ತಲಲ್ಲಿ ಕೂರುತ್ತೀರಾ?' ಎಂದು ಒಂದು ಪಂಗಡ. 'ಕಾಡೇ ಹೋದ ಮೇಲೆ ಕರೆಂಟ್ ಇಟ್ಟುಕೊಂಡು ಏನು ಮಾಡುತ್ತೀರಿ?' ಎಂದು ಇನ್ನೊಂದು. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಈ ಗದ್ದಲದಲ್ಲಿ ಯಾರೂ ಎತ್ತದೆ ಉಳಿದುಬಿಡುವ ಪ್ರಶ್ನೆಯೊಂದಿದೆ: ಇದನ್ನು ತೀರ್ಮಾನಿಸಿದವರು ಯಾರು? ಆ ಅಣೆಕಟ್ಟಿನ, ಆ ಚಿಮಣಿಯ, ಆ ಗಾಳಿಯಂತ್ರದ ಪಕ್ಕದಲ್ಲಿ ಬಾಳಬೇಕಾದವರನ್ನು ಕೇಳಿದ್ದು ತೀರ್ಮಾನಕ್ಕೆ ಮೊದಲೋ, ಆಮೇಲೋ?

ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇನೆ. ಆಮೇಲೆ ಕೇಳುವುದು ಕೇಳಿದಂತಲ್ಲ. 'ಬೇಡ' ಎಂದರೆ ಯೋಜನೆ ನಿಜವಾಗಿ ನಿಲ್ಲುವ ಸಾಧ್ಯತೆ ಇದ್ದಾಗ ಮಾತ್ರ 'ಬೇಕೇ?' ಎಂಬ ಪ್ರಶ್ನೆಗೆ ಬೆಲೆ. ಇದು ಕಲ್ಲಿದ್ದಲಿಗೆ ಎಷ್ಟು ಅನ್ವಯಿಸುತ್ತದೆಯೋ ಸೌರಶಕ್ತಿಗೂ ಪವನಶಕ್ತಿಗೂ ಅಷ್ಟೇ ಅನ್ವಯಿಸುತ್ತದೆ.

ಆಸ್ಟ್ರಿಯಾದಲ್ಲಿ ಡ್ಯಾನ್ಯೂಬ್ ನದಿಯ ದಂಡೆಯಲ್ಲಿ ಜ್ವೆಂಟೆನ್‌ಡಾರ್ಫ್ ಎಂಬ ಊರಿದೆ. 1972ರಲ್ಲಿ ಅಲ್ಲಿ ಸುಮಾರು 700 ಮೆಗಾವಾಟ್‌ನ ಅಣುವಿದ್ಯುತ್ ಸ್ಥಾವರದ ಕೆಲಸ ಶುರುವಾಯಿತು. ಆರು ವರ್ಷಗಳಲ್ಲಿ ರಿಯಾಕ್ಟರ್ ಸಿದ್ಧವಾಯಿತು, ನಿಯಂತ್ರಣ ಕೊಠಡಿ ಸಿದ್ಧವಾಯಿತು, ಇಂಧನವೂ ಬಂದು ತಲುಪಿತು. ಗುಂಡಿ ಒತ್ತುವುದೊಂದೇ ಬಾಕಿ. ಅಷ್ಟರಲ್ಲಿ ವಿರೋಧ ಎಷ್ಟು ಬಲಿತಿತ್ತೆಂದರೆ, ಸರ್ಕಾರ ಜನರ ಮುಂದೆ ಹೋಗಲೇಬೇಕಾಯಿತು. 1978ರ ನವೆಂಬರ್ 5ರಂದು ದೇಶವಿಡೀ ಜನಮತಗಣನೆ ನಡೆಯಿತು. ಶೇಕಡಾ 50.5ರಷ್ಟು ಮತಗಳು 'ಬೇಡ' ಎಂದವು. ಅಂತರ ಸುಮಾರು 30 ಸಾವಿರ ಮತಗಳು. ಚಾನ್ಸಲರ್ ಬ್ರೂನೋ ಕ್ರೈಸ್ಕಿ ಸ್ಥಾವರದ ಪರವಾಗಿದ್ದವರು, ಸೋತರೆ ಅಧಿಕಾರ ಬಿಡುವ ಸೂಚನೆಯನ್ನೂ ಕೊಟ್ಟಿದ್ದವರು. ಆದರೂ ಕೂದಲೆಳೆಯ ಅಂತರದ ಆ ಫಲಿತಾಂಶವನ್ನು ಅವರ ಸರ್ಕಾರ ಒಪ್ಪಿಕೊಂಡಿತು. ಡಿಸೆಂಬರ್‌ನಲ್ಲಿ ಸಂಸತ್ತು ಅಣುವಿದ್ಯುತ್ತನ್ನು ನಿಷೇಧಿಸುವ ಕಾನೂನು ಮಾಡಿತು. ಮರುವರ್ಷದ ಚುನಾವಣೆಯಲ್ಲಿ ಅದೇ ಕ್ರೈಸ್ಕಿ ಮೊದಲಿಗಿಂತ ಹೆಚ್ಚು ಸ್ಥಾನ ಗೆದ್ದು ಬಂದರು. ಜನರ ಮಾತು ಕೇಳಿದ್ದರಿಂದ ಅವರು ಕಳೆದುಕೊಂಡದ್ದು ಏನೂ ಇರಲಿಲ್ಲ. ಕಟ್ಟಿ ಮುಗಿಸಿದ ಆ ಸ್ಥಾವರ ಒಂದು ದಿನವೂ ಅಣುವಿದ್ಯುತ್ ಉತ್ಪಾದಿಸಲಿಲ್ಲ. ಈಗ ಅದರ ಆವರಣದಲ್ಲಿ ಸೌರಫಲಕಗಳಿವೆ.

ಪರಿಸರಪ್ರಿಯರು ಈ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ಮುಗಿಸುತ್ತಾರೆ. ಮುಗಿಸಬಾರದು. ಅಣುಸ್ಥಾವರ ಕೈಬಿಟ್ಟ ಮೇಲೆ ಕೊರತೆ ತುಂಬಲು ಅದರ ಹತ್ತಿರದಲ್ಲೇ ಡ್ಯೂರ್ನ್‌ರೋರ್ ಎಂಬಲ್ಲಿ ಕಲ್ಲಿದ್ದಲಿನ ಸ್ಥಾವರ ತಲೆಯೆತ್ತಿತು. ಅಣುವಿಕಿರಣದ ಭಯ ಹೋಗಿ ಹೊಗೆ ಬಂತು. ಇಂಗಾಲದ ಲೆಕ್ಕ ಹಾಕಿದರೆ ಆ ಜನಮತ ಭೂಮಿಗೆ ಒಳ್ಳೆಯದನ್ನೇ ಮಾಡಿತೆಂದು ಎದೆತಟ್ಟಿ ಹೇಳಲಾಗದು. ಹೀಗಿದ್ದರೂ ನಾನು ಆ ಜನಮತಗಣನೆಯ ಪರವಾಗಿಯೇ ನಿಲ್ಲುತ್ತೇನೆ. ಕಾರಣ ಅದರ ನಂತರದ ವರ್ಷಗಳಲ್ಲಿದೆ. 'ನಮ್ಮನ್ನು ಕೇಳಬೇಕು' ಎಂಬುದು ಅಲ್ಲಿನ ಜನರಿಗೆ ರೂಢಿಯಾಯಿತು. 1984ರ ಡಿಸೆಂಬರ್‌ನಲ್ಲಿ ಹೈನ್‌ಬುರ್ಗ್ ಬಳಿ ಅದೇ ಡ್ಯಾನ್ಯೂಬ್‌ಗೆ ಜಲವಿದ್ಯುತ್ ಯೋಜನೆಗಾಗಿ ನದಿಬಯಲಿನ ಕಾಡು ಕಡಿಯಲು ಹೊರಟಾಗ ಸಾವಿರಾರು ಜನ ಕೊರೆಯುವ ಚಳಿಯಲ್ಲಿ ಹೋಗಿ ಕಾಡಿನೊಳಗೆ ಬೀಡುಬಿಟ್ಟರು. ಯೋಜನೆ ನಿಂತಿತು. 1996ರಲ್ಲಿ ಆ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಡ್ಯೂರ್ನ್‌ರೋರ್‌ನಲ್ಲಿ ಕಲ್ಲಿದ್ದಲು ಉರಿಸುವುದೂ 2019ರಲ್ಲಿ ಕೊನೆಗೊಂಡಿತು. ಜನರು ಮಾಡಿದ ತಪ್ಪು ತೀರ್ಮಾನವನ್ನು ಜನರೇ ತಿದ್ದಲು ದಾರಿ ಉಳಿದಿರುತ್ತದೆ. ಯಾರನ್ನೂ ಕೇಳದೆ ಮಾಡಿದ ತಪ್ಪನ್ನು ತಿದ್ದಲು ಮೊದಲು ಅದು ತಪ್ಪೆಂದು ಒಪ್ಪಿಸಬೇಕಾಗುತ್ತದೆ, ಅದಕ್ಕೇ ಒಂದು ತಲೆಮಾರು ಕಳೆದುಹೋಗುತ್ತದೆ.

ಆ ತಲೆಮಾರು ಹೇಗೆ ಕಳೆದುಹೋಗುತ್ತದೆ ಎಂಬುದಕ್ಕೆ ಕನ್ನಡಿಗರು ದೂರ ಹೋಗಬೇಕಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣವಾಯಿತು. ಶರಾವತಿಯ ವಿದ್ಯುತ್ತು ಕರ್ನಾಟಕದ ಕಾರ್ಖಾನೆಗಳನ್ನು ನಡೆಸಿತು, ನಗರಗಳನ್ನು ಬೆಳಗಿತು. ಆ ಬೆಳಕಿಗಾಗಿ ಗದ್ದೆ, ತೋಟ, ಮನೆ, ದೇವಸ್ಥಾನಗಳನ್ನು ಹಿನ್ನೀರಿಗೆ ಬಿಟ್ಟುಕೊಟ್ಟ ಸಾವಿರಾರು ಕುಟುಂಬಗಳಿಗೆ ಬೇರೆ ಕಡೆ ಜಾಗ ಕೊಟ್ಟೆವೆಂದು ಸರ್ಕಾರ ಹೇಳಿತು. ಆ ಜಾಗದಲ್ಲಿ ಬಹುಪಾಲು ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿಯಿತು. ಅಜ್ಜನ ಕಾಲದಲ್ಲಿ ಮುಳುಗಿದ ಜಮೀನಿಗೆ ಬದಲಾಗಿ ಬಂದ ಜಮೀನಿನ ಹಕ್ಕುಪತ್ರಕ್ಕಾಗಿ ಮೊಮ್ಮಕ್ಕಳು ಈಗಲೂ ಕಚೇರಿಗಳಿಗೆ ಅಲೆಯುತ್ತಿದ್ದಾರೆ. ಚುನಾವಣೆ ಬಂದಾಗಲೆಲ್ಲ ಎಲ್ಲ ಪಕ್ಷಗಳೂ 'ಮುಳುಗಡೆ ಸಂತ್ರಸ್ತರ' ಹೆಸರೆತ್ತುತ್ತವೆ, ಪಾದಯಾತ್ರೆ ಮಾಡುತ್ತವೆ.

ತುಮರಿ, ಕಳಸವಳ್ಳಿ, ಸಿಗಂದೂರಿನ ಕಡೆಯವರ ಸ್ಥಿತಿಯನ್ನು ಸ್ವಲ್ಪ ನಿಂತು ನೋಡಿ. ಅಣೆಕಟ್ಟು ತುಂಬಿದ ಮೇಲೆ ಮೂರು ದಿಕ್ಕಿಗೆ ನೀರು, ಒಂದು ದಿಕ್ಕಿಗೆ ಕಾಡು. ಸಾಗರ ಪೇಟೆಗೆ ಹೋಗಬೇಕೆಂದರೆ ಅಂಬಾರಗೋಡ್ಲಿನ ಲಾಂಚ್‌ಗಾಗಿ ದಡದಲ್ಲಿ ಕಾಯಬೇಕಿತ್ತು. ಸಂಜೆ ಲಾಂಚ್ ನಿಂತರೆ ಮುಗಿಯಿತು, ಹೆರಿಗೆ ನೋವಿರಲಿ, ಹಾವು ಕಚ್ಚಿರಲಿ, ಕಾಡುದಾರಿಯಲ್ಲಿ ಸುತ್ತುಹಾಕಬೇಕಿತ್ತು. ಬೇಸಿಗೆಯಲ್ಲಿ ನೀರು ಇಳಿದರೆ ಲಾಂಚ್‌ನಲ್ಲಿ ವಾಹನ ಸಾಗಿಸುವುದಕ್ಕೂ ತಡೆಯಿತ್ತು. ರಾಜ್ಯಕ್ಕೆ ಬೆಳಕು ಕೊಟ್ಟ ಹಿನ್ನೀರಿನ ಹಳ್ಳಿಗಳು ತಮ್ಮ ಮನೆಯ ದೀಪಕ್ಕಾಗಿ ವರ್ಷಗಟ್ಟಲೆ ಕಾದವು. ಅವರಿಗೆ ಸೇತುವೆ ಸಿಕ್ಕಿದ್ದು 2025ರ ಜುಲೈನಲ್ಲಿ. ಅಣೆಕಟ್ಟಿನ ಲೆಕ್ಕಪತ್ರದಲ್ಲಿ ಇಷ್ಟು ಸಿಮೆಂಟು, ಇಷ್ಟು ಉಕ್ಕು, ಇಷ್ಟು ಮೆಗಾವಾಟ್ ಎಂದು ಬರೆದಿರುತ್ತಾರೆ. 60 ವರ್ಷ ದಡದಲ್ಲಿ ಕಾದು ನಿಂತದ್ದನ್ನು ಬರೆಯಲು ಅದರಲ್ಲಿ ಯಾವ ಕಲಮೂ ಇರುವುದಿಲ್ಲ.

ಆಗಿನದು ಬೇರೆ ಕಾಲ, ಈಗ ಕಾನೂನುಗಳಿವೆ ಎನ್ನುವವರಿದ್ದಾರೆ. ಹೌದು, ಇವೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ದೊಡ್ಡ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟು, 30 ದಿನ ಕಾಲಾವಕಾಶ ಬಿಟ್ಟು, ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಹಿರಿಯ ಅಧಿಕಾರಿಯ ಅಧ್ಯಕ್ಷತೆಯಲ್ಲಿ ಸಭೆ ಸೇರಿಸಬೇಕು, ಚಿತ್ರೀಕರಿಸಬೇಕು, ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು. ಓದಲು ಚೆನ್ನಾಗಿದೆ. ಸಭೆಯೊಳಗೆ ಹೋಗಿ ಕುಳಿತರೆ ಚಿತ್ರ ಬದಲಾಗುತ್ತದೆ.

ಶಾಮಿಯಾನದ ಕೆಳಗೆ ವೇದಿಕೆ, ವೇದಿಕೆಯ ಮೇಲೆ ಅಧಿಕಾರಿಗಳು, ಸುತ್ತ ಪೊಲೀಸರು. ಮೊದಲು ಯೋಜನೆಯವರ ಪ್ರಾತ್ಯಕ್ಷಿಕೆ. ಪರದೆಯ ಮೇಲೆ ಒಂದರ ಹಿಂದೊಂದು ನಕ್ಷೆ, ಕೋಷ್ಟಕ, ಇಂಗ್ಲಿಷ್ ಸಂಕ್ಷಿಪ್ತಾಕ್ಷರಗಳು. ಸಾರಾಂಶ ಕನ್ನಡದಲ್ಲಿ ಸಿಗುತ್ತದೆ. ನೂರಾರು ಪುಟಗಳ ಪೂರ್ಣ ವರದಿ ಇಂಗ್ಲಿಷಿನಲ್ಲಿ, ಜಿಲ್ಲಾ ಕೇಂದ್ರದ ಯಾವುದೋ ಕಚೇರಿಯಲ್ಲಿ. ಆ ವರದಿ ಬರೆದ ಸಲಹಾ ಸಂಸ್ಥೆಗೆ ಹಣ ಕೊಡುವವರು ಯೋಜನೆಯವರೇ. ಜನರ ಸರದಿ ಬಂದಾಗ ಮೈಕಿನ ಮುಂದೆ ಕೆಲವೇ ನಿಮಿಷ. ಹೆಂಗಸೊಬ್ಬಳು ತನ್ನ ತೋಟದ ನೀರಿನ ಒರತೆ ಬತ್ತುತ್ತದೆಯೇ ಎಂದು ಕೇಳುತ್ತಾಳೆ. 'ನಿಮ್ಮ ಅಹವಾಲನ್ನು ದಾಖಲಿಸಿಕೊಂಡಿದ್ದೇವೆ' ಎಂಬ ಉತ್ತರ ಬರುತ್ತದೆ. ಒರತೆಯ ಬಗ್ಗೆ ಉತ್ತರ ಬರುವುದಿಲ್ಲ. ಈ ಸಭೆಗೆ ಕನಿಷ್ಠ ಇಷ್ಟು ಜನ ಬರಬೇಕೆಂಬ ಕೋರಂ ಇಲ್ಲ. ಮತದಾನವಂತೂ ಇಲ್ಲವೇ ಇಲ್ಲ. ಬಂದವರೆಲ್ಲ ಒಕ್ಕೊರಲಿನಿಂದ ಬೇಡವೆಂದರೂ ಆ ಮಾತು ವರದಿಯ ಒಂದು ಅನುಬಂಧವಾಗಿ ದೆಹಲಿಗೋ ಬೆಂಗಳೂರಿಗೋ ಹೋಗುತ್ತದೆ. ಅಷ್ಟರಲ್ಲಿ ಯೋಜನೆಯ ಜಾಗ, ಗಾತ್ರ, ವಿನ್ಯಾಸ ಎಲ್ಲವೂ ನಿಗದಿಯಾಗಿರುತ್ತದೆ. ಕರಡು ವರದಿ ಸಿದ್ಧವಾದ ಮೇಲೆಯೇ ಸಭೆ ಕರೆಯುವ ಕ್ರಮ ಇದು. ಹುಡುಗಿಯ ಮದುವೆಗೆ ಛತ್ರ ಗೊತ್ತುಮಾಡಿ, ಲಗ್ನಪತ್ರಿಕೆ ಹಂಚಿದ ಮೇಲೆ ಅವಳ ಒಪ್ಪಿಗೆ ಕೇಳುವ ರೀತಿಯಿದು.

2020ರಲ್ಲಿ ಇದನ್ನೂ ಸಡಿಲಿಸಲು ಹೊಸ ಕರಡು ಬಂತು. 30 ದಿನದ ಕಾಲಾವಕಾಶವನ್ನು 20ಕ್ಕೆ ಇಳಿಸುವ ಪ್ರಸ್ತಾಪ ಅದರಲ್ಲಿತ್ತು. ಆ ಕರಡನ್ನು ಭಾರತೀಯ ಭಾಷೆಗಳಿಗೆ ಅನುವಾದಿಸಿ ಪ್ರಕಟಿಸಿ ಎಂದು ದೆಹಲಿ ಹೈಕೋರ್ಟ್ ಆದೇಶ ಮಾಡಬೇಕಾಯಿತು. ನಾಗರಿಕರ ಅಭಿಪ್ರಾಯ ಕೇಳುವ ಕಾಗದ ನಾಗರಿಕರ ಭಾಷೆಯಲ್ಲಿರಬೇಕೆಂದು ನ್ಯಾಯಾಲಯ ಹೇಳಿಸಿಕೊಡಬೇಕಾದ ಸ್ಥಿತಿ ನನಗೆ ಸಿಟ್ಟು ತರಿಸುತ್ತದೆ.

ಶರಾವತಿಗೆ ಈಗ ಮತ್ತೊಂದು ಯೋಜನೆ ಬರುತ್ತಿದೆ. 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್. ಗೇರುಸೊಪ್ಪೆಯ ಜಲಾಶಯದಿಂದ ನೀರನ್ನು ಪಂಪ್ ಮಾಡಿ ತಲಕಳಲೆಗೆ ಏರಿಸುವುದು, ಬೇಡಿಕೆ ಹೆಚ್ಚಿದಾಗ ಅದೇ ನೀರನ್ನು ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವುದು. ಇದರ ಹಿಂದಿರುವ ಅಗತ್ಯ ಸುಳ್ಳಲ್ಲ. ಮಧ್ಯಾಹ್ನ ಸೌರವಿದ್ಯುತ್ ಧಾರಾಳವಾಗಿರುತ್ತದೆ, ಸಂಜೆ ಏಳಕ್ಕೆ ಎಲ್ಲರೂ ದೀಪ ಹಾಕುವ ಹೊತ್ತಿಗೆ ಸೂರ್ಯ ಇರುವುದಿಲ್ಲ. ಎಲ್ಲೋ ಒಂದು ಕಡೆ ಕೂಡಿಡಲೇಬೇಕು. ಆದರೆ ಏರಿಸಲು ಖರ್ಚಾಗುವಷ್ಟು ವಿದ್ಯುತ್ ಇಳಿಸುವಾಗ ಮರಳಿ ಸಿಗುವುದಿಲ್ಲ. ಜೊತೆಗೆ, ಆ ಕಣಿವೆ ಪಶ್ಚಿಮಘಟ್ಟದಲ್ಲಿ ಮಾತ್ರ ಬದುಕುವ ಸಿಂಗಳೀಕಗಳ ಅಭಯಾರಣ್ಯ. ಬ್ಯಾಟರಿಗಳನ್ನು, ಈಗಾಗಲೇ ಕಾಡು ಕಳೆದುಕೊಂಡಿರುವ ಬೇರೆ ಜಾಗಗಳನ್ನು ಪ್ರಾಮಾಣಿಕವಾಗಿ ತೂಗಿ ನೋಡಿದ ಮೇಲೂ ಇದೇ ಕಣಿವೆ ಬೇಕೇ ಎಂಬುದನ್ನು ಕಣಿವೆಯವರ ಎದುರು ಕುಳಿತು, ಅವರಿಗೆ ಅರ್ಥವಾಗುವ ಮಾತಿನಲ್ಲಿ ಹೇಳಬೇಕು. 2025ರಲ್ಲಿ ಅಹವಾಲು ಸಭೆಗಳು ನಡೆದವು, ಜನ ಕಿಕ್ಕಿರಿದು ಬಂದು ವಿರೋಧಿಸಿದರು. ಲಿಂಗನಮಕ್ಕಿಯನ್ನು ಕಂಡ ಕಣಿವೆಯಲ್ಲಿ ಅದಕ್ಕಿಂತ ಬೇರೇನು ನಿರೀಕ್ಷಿಸಬೇಕಿತ್ತು?

ಹಾಗೆಂದು ಹೊಗೆಯಿಲ್ಲದ ಶಕ್ತಿಯೆಲ್ಲ ತಾನಾಗಿಯೇ ನ್ಯಾಯವಾದ ಶಕ್ತಿ ಎಂದು ನಂಬಿಕೊಂಡಿರುವ ಸ್ನೇಹಿತರಿಗೆ ನಾರ್ವೆಯ ಫೋಸೆನ್ ಪ್ರಕರಣ ನೆನಪಿಸುತ್ತೇನೆ. ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನ ಚಳಿಗಾಲದಲ್ಲಿ ಹಿಮಸಾರಂಗ ಮೇಯಿಸುವ ಜಾಗದಲ್ಲಿ 151 ಗಾಳಿಯಂತ್ರಗಳು ಎದ್ದವು. 2021ರ ಅಕ್ಟೋಬರ್‌ನಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯ, ಇದರಿಂದ ಸಾಮಿಗಳ ಸಾಂಸ್ಕೃತಿಕ ಹಕ್ಕಿನ ಉಲ್ಲಂಘನೆಯಾಗಿದೆ, ಪರವಾನಗಿ ಅಸಿಂಧು ಎಂದು ಸರ್ವಾನುಮತದಿಂದ ತೀರ್ಪು ಕೊಟ್ಟಿತು. ತೀರ್ಪು ಬಂದ 500 ದಿನಗಳ ನಂತರವೂ ಯಂತ್ರಗಳು ತಿರುಗುತ್ತಲೇ ಇದ್ದವು. ಕೊನೆಗೆ ಸಾಮಿ ಯುವಜನರು ಓಸ್ಲೋದ ಇಂಧನ ಸಚಿವಾಲಯದ ಬಾಗಿಲಲ್ಲಿ ಧರಣಿ ಕುಳಿತರು. ಅವರ ಜೊತೆ ಗ್ರೇಟಾ ಥುನ್‌ಬರ್ಗ್ ಕೂಡ ಇದ್ದರು. ಹವಾಮಾನಕ್ಕಾಗಿ ಶಾಲೆ ಬಿಟ್ಟು ಕುಳಿತ ಹುಡುಗಿ ಗಾಳಿಯಂತ್ರಗಳ ವಿರುದ್ಧ ಕುಳಿತದ್ದೇಕೆ ಎಂದು ಹಲವರು ಹುಬ್ಬೇರಿಸಿದರು. ನನಗೆ ಅದರಲ್ಲಿ ವಿರೋಧಾಭಾಸ ಕಾಣಲಿಲ್ಲ.

ಡೆನ್ಮಾರ್ಕ್ ಬೇರೆ ದಾರಿ ಹಿಡಿಯಿತು. 1973ರ ತೈಲ ಬಿಕ್ಕಟ್ಟಿನಲ್ಲಿ ನಲುಗಿದ ದೇಶ ಅದು. ಇಂಧನಕ್ಕೆ ಬಹುಪಾಲು ಹೊರಗಿನ ತೈಲವನ್ನೇ ನೆಚ್ಚಿಕೊಂಡಿತ್ತು. 1985ರಲ್ಲಿ ಅಲ್ಲಿನ ಸಂಸತ್ತು ಅಣುವಿದ್ಯುತ್ತನ್ನು ಯೋಜನೆಯಿಂದ ಕೈಬಿಟ್ಟಿತು. ಅಷ್ಟು ಹೊತ್ತಿಗೆ ರೈತರು, ಶಿಕ್ಷಕರು, ಊರಿನ ಮೆಕ್ಯಾನಿಕ್‌ಗಳು ಸೇರಿ ಸಹಕಾರ ಸಂಘಗಳನ್ನು ಕಟ್ಟಿಕೊಂಡು ಗಾಳಿಯಂತ್ರ ನಿಲ್ಲಿಸಲು ಶುರುಮಾಡಿದ್ದರು. 2000ದಲ್ಲಿ ಕೋಪನ್‌ಹೇಗನ್ ಬಂದರಿನೆದುರು ಸಮುದ್ರದಲ್ಲಿ ಮಿಡೆಲ್‌ಗ್ರುಂಡನ್ ಎಂಬಲ್ಲಿ 20 ಗಾಳಿಯಂತ್ರಗಳು ನಿಂತವು. ಒಟ್ಟು 40 ಮೆಗಾವಾಟ್. ಅದರಲ್ಲಿ ಅರ್ಧಪಾಲು ಎಂಟು ಸಾವಿರಕ್ಕೂ ಹೆಚ್ಚು ಸದಸ್ಯರಿರುವ ಸಹಕಾರ ಸಂಘದ್ದು. ಯಂತ್ರಗಳನ್ನು ಹೇಗೆ ಸಾಲುಹಿಡಿಸಬೇಕು ಎಂಬುದೂ ಜನರೊಡನೆ ಚರ್ಚೆಯಾಗಿ ಬದಲಾಯಿತು. ಇವತ್ತು ಡೆನ್ಮಾರ್ಕ್‌ನ ಅರ್ಧಕ್ಕಿಂತ ಹೆಚ್ಚು ವಿದ್ಯುತ್ ಗಾಳಿಯಿಂದ ಬರುತ್ತದೆ. ಕಿಟಕಿಯಿಂದ ಕಾಣುವ ಯಂತ್ರದಲ್ಲಿ ತನ್ನ ಪಾಲಿದ್ದವನಿಗೂ, ಕೇವಲ ಅದರ ಸದ್ದನ್ನು ಕೇಳಬೇಕಾದವನಿಗೂ ಆ ಯಂತ್ರ ಒಂದೇ ರೀತಿ ಕಾಣುವುದಿಲ್ಲ.

ಪಾವಗಡದ ಸೌರಪಾರ್ಕ್ ಈ ಎರಡರ ನಡುವೆ ನಿಲ್ಲುತ್ತದೆ. 2050 ಮೆಗಾವಾಟ್, ಸುಮಾರು 13 ಸಾವಿರ ಎಕರೆ. ಅಲ್ಲಿ ಭೂಸ್ವಾಧೀನ ಮಾಡದೆ ರೈತರಿಂದ ಗುತ್ತಿಗೆಗೆ ಪಡೆದರು. ಜಮೀನು ರೈತನ ಹೆಸರಿನಲ್ಲೇ ಉಳಿಯಿತು, ವರ್ಷವರ್ಷ ಬಾಡಿಗೆ ಬರುತ್ತದೆ. ಮಳೆ ನೆಚ್ಚಿ ಕೈಸುಟ್ಟುಕೊಳ್ಳುತ್ತಿದ್ದ ಸೀಮೆಯಲ್ಲಿ ಇದು ದೊಡ್ಡ ಮಾತೇ, ಮೆಚ್ಚಬೇಕಾದದ್ದೇ. ಆದರೆ ಗುತ್ತಿಗೆ ಪತ್ರಕ್ಕೆ ಸಹಿ ಹಾಕಲು ಪಹಣಿಯಲ್ಲಿ ಹೆಸರಿರಬೇಕು. ಆ ಜಮೀನುಗಳಲ್ಲಿ ಕೂಲಿ ಮಾಡುತ್ತಿದ್ದವರು, ಬೀಳು ನೆಲದಲ್ಲಿ ಕುರಿ ಮೇಯಿಸುತ್ತಿದ್ದವರು ಯಾವ ಪತ್ರದಲ್ಲೂ ಇರಲಿಲ್ಲ. ಬೇಲಿ ಬಿದ್ದ ದಿನ ಅವರ ಕೆಲಸ ಹೋಯಿತು. ಸೌರಪಾರ್ಕ್‌ಗಳಿಗೆ 2006ರ ಅಧಿಸೂಚನೆಯ ಪರಿಸರ ಅನುಮತಿ ಬೇಕಿಲ್ಲ, ಹಾಗಾಗಿ ಅಹವಾಲು ಸಭೆಯೂ ಇಲ್ಲ. ಆಸ್ತಿ ಇದ್ದವನನ್ನು ಮಾತ್ರ ಕೇಳುವ ಪದ್ಧತಿಯನ್ನು ಮತದಾನದಲ್ಲಿ ಭಾರತ 1950ರ ಸಂವಿಧಾನದಲ್ಲೇ ಕಿತ್ತೆಸೆಯಿತು. ಇಂಧನದ ವಿಷಯದಲ್ಲಿ ಅದು ಇನ್ನೂ ಜೀವಂತವಾಗಿದೆ.

ರಾಜಕೀಯದ ಮಾತಿಗೆ ಬಂದರೆ, ಐದು ವರ್ಷಕ್ಕೊಮ್ಮೆ ಮತ ಹಾಕಿದ್ದೀರಲ್ಲ, ಅದೇ ಒಪ್ಪಿಗೆ ಎಂಬ ವಾದ ಇದೆ. ನಾನು ಇದನ್ನು ಒಪ್ಪುವುದಿಲ್ಲ. ಶಾಸಕನಿಗೆ ಮತ ಹಾಕುವಾಗ ರಸ್ತೆ, ಜಾತಿ, ಬೆಲೆಯೇರಿಕೆ, ಪಕ್ಷ ಎಲ್ಲವೂ ಸೇರಿರುತ್ತದೆ. ಆ ಒಂದು ಮತವನ್ನು ಹಿಡಿದು ನಿನ್ನ ಹೊಳೆಯನ್ನು ನೀನೇ ಬಿಟ್ಟುಕೊಟ್ಟೆ ಎನ್ನುವುದು ಮತಕ್ಕೆ ಮಾಡುವ ಮೋಸ. ಜೊತೆಗೆ ಚುನಾವಣೆಯ ಖರ್ಚು ಎಲ್ಲಿಂದ ಬರುತ್ತದೆ ಎಂಬುದೂ ಇದೆ. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಚುನಾವಣಾ ಬಾಂಡ್ ಯೋಜನೆಯನ್ನು ರದ್ದುಮಾಡಿ, ಕೊಟ್ಟವರ ಹೆಸರು ಬಹಿರಂಗವಾದಾಗ, ಆ ಪಟ್ಟಿಯಲ್ಲಿ ಗಣಿ, ವಿದ್ಯುತ್, ಮೂಲಸೌಕರ್ಯ ಕಂಪನಿಗಳು ಸಾಲುಗಟ್ಟಿ ನಿಂತಿದ್ದವು. ಅವರ ಮಾತು ಕೇಳಲು ಯಾರೂ ಶಾಮಿಯಾನ ಹಾಕಬೇಕಾಗಿರಲಿಲ್ಲ.

'ಹವಾಮಾನ ಬಿಗಡಾಯಿಸುತ್ತಿದೆ, ಎಲ್ಲರನ್ನೂ ಕೇಳುತ್ತ ಕೂರಲು ಸಮಯವಿಲ್ಲ' ಎಂಬ ಆಕ್ಷೇಪವನ್ನು ಮಾತ್ರ ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಸಮಯ ಕಡಿಮೆಯಿರುವುದು ನಿಜ. ಆದರೆ ಕೇಳದೆ ಹೊರಟವರು ಬೇಗ ತಲುಪಿದ್ದಾರೆಯೇ? 2018ರಲ್ಲಿ ಫ್ರಾನ್ಸ್ ಸರ್ಕಾರ ಹವಾಮಾನದ ಹೆಸರಿನಲ್ಲಿ ಇಂಧನ ತೆರಿಗೆ ಏರಿಸಲು ಹೊರಟಿತು. ಬಸ್ಸಿಲ್ಲದ ಊರುಗಳಿಂದ ಕಾರಿನಲ್ಲೇ ಕೆಲಸಕ್ಕೆ ಹೋಗಬೇಕಾದವರು ಹಳದಿ ಅಂಗಿ ತೊಟ್ಟು ಬೀದಿಗಿಳಿದರು. ಕೆಲವೇ ವಾರಗಳಲ್ಲಿ ತೆರಿಗೆ ಏರಿಕೆ ಬಿದ್ದುಹೋಯಿತು. ಆಮೇಲೆ ಸರ್ಕಾರ ಚೀಟಿ ಎತ್ತಿದಂತೆ 150 ಸಾಮಾನ್ಯ ನಾಗರಿಕರನ್ನು ಆರಿಸಿ ತಿಂಗಳುಗಟ್ಟಲೆ ತಜ್ಞರೊಡನೆ ಕೂರಿಸಿತು. ಅವರು 2020ರಲ್ಲಿ 149 ಶಿಫಾರಸುಗಳನ್ನು ಕೊಟ್ಟರು. ಹಲವು ಸರ್ಕಾರಕ್ಕಿಂತ ದಿಟ್ಟವಾಗಿದ್ದವು. ಅವುಗಳನ್ನು ತೆಳುಗೊಳಿಸಿದ್ದು ರಾಜಕಾರಣಿಗಳು. ಮಾಹಿತಿ ಮತ್ತು ಸಮಯ ಕೊಟ್ಟರೆ ಸಾಮಾನ್ಯರು ಹೊಣೆಯರಿತು ಯೋಚಿಸುತ್ತಾರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ನಮ್ಮ ಶಿರಸಿ ಸೀಮೆಯೂ ಇದನ್ನು ತೋರಿಸಿಕೊಟ್ಟಿದೆ. ಬೇಡ್ತಿ ಜಲವಿದ್ಯುತ್ ಯೋಜನೆ ಬಂದಾಗ ಅಲ್ಲಿನ ಅಡಿಕೆ ಬೆಳೆಗಾರರು ಬರಿಯ ಘೋಷಣೆ ಕೂಗಲಿಲ್ಲ. 1980ರ ದಶಕದ ಆರಂಭದಲ್ಲಿ ವಿಜ್ಞಾನಿಗಳನ್ನು, ಅರ್ಥಶಾಸ್ತ್ರಜ್ಞರನ್ನು ಕರೆಸಿ ವಿಚಾರಸಂಕಿರಣ ನಡೆಸಿ, ಸರ್ಕಾರದ ಲಾಭನಷ್ಟದ ಲೆಕ್ಕವನ್ನು ಸಾಲುಸಾಲಾಗಿ ಪರೀಕ್ಷೆಗೆ ಒಡ್ಡಿದರು. ಮುಳುಗುವ ಕಾಡು, ತೋಟಗಳ ಬೆಲೆ ಸೇರಿಸಿದರೆ ಲೆಕ್ಕ ನಿಲ್ಲುವುದಿಲ್ಲವೆಂದು ತೋರಿಸಿದರು. ಯೋಜನೆ ನಿಂತಿತು. ಅಹವಾಲು ಸಭೆಯ ಕಾನೂನು ಇಲ್ಲದ ಕಾಲದಲ್ಲಿ ಊರಿನವರೇ ನಡೆಸಿದ ಅಹವಾಲು ಅದು. ಅದಕ್ಕೆ ಅವರಲ್ಲಿ ಸಹಕಾರ ಸಂಘವಿತ್ತು, ಓದುಬರಹವಿತ್ತು, ಒಂದಿಷ್ಟು ಹಣವಿತ್ತು ಎಂಬುದನ್ನೂ ಮರೆಯಬಾರದು. ಇವು ಯಾವುವೂ ಇಲ್ಲದ, ಒಡಿಶಾದ ನಿಯಮಗಿರಿ ಬೆಟ್ಟದ ಆದಿವಾಸಿಗಳಾದ ಡೋಂಗ್ರಿಯಾ ಕೊಂಡರಿಗೆ 2013ರಲ್ಲಿ ಸುಪ್ರೀಂ ಕೋರ್ಟ್ ಗ್ರಾಮಸಭೆಯ ಅಧಿಕಾರವನ್ನು ಎತ್ತಿಹಿಡಿಯಬೇಕಾಯಿತು. 12 ಗ್ರಾಮಸಭೆಗಳು ನಡೆದವು, ಹನ್ನೆರಡೂ ಬಾಕ್ಸೈಟ್ ಗಣಿಯನ್ನು ತಿರಸ್ಕರಿಸಿದವು. ಬೆಟ್ಟ ಉಳಿಯಿತು.

ಇನ್ನೂ ಹುಟ್ಟದವರನ್ನು ಯಾರು ಕೇಳುತ್ತಾರೆ? ಇಂದು ಬಿಟ್ಟ ಇಂಗಾಲದ ಡೈಆಕ್ಸೈಡ್‌ನ ಒಂದು ಪಾಲು ಶತಮಾನಗಳವರೆಗೆ ಗಾಳಿಯಲ್ಲಿರುತ್ತದೆ, ಶಾಸಕರ ಅವಧಿ ಐದು ವರ್ಷ. 2021ರಲ್ಲಿ ಜರ್ಮನಿಯ ಸಂವಿಧಾನ ನ್ಯಾಯಾಲಯ, ಹೊಗೆ ತಗ್ಗಿಸುವ ಭಾರವನ್ನು 2030ರ ನಂತರದವರ ಹೆಗಲಿಗೆ ತಳ್ಳುವುದು ಇಂದಿನ ಎಳೆಯರ ಸ್ವಾತಂತ್ರ್ಯಕ್ಕೆ ಧಕ್ಕೆ ಎಂದು ಹೇಳಿತು. 2024ರ ಮಾರ್ಚ್‌ನಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತವಾಗಿರುವುದೂ ನಾಗರಿಕರ ಹಕ್ಕು ಎಂದಿತು. ಆ ಮಾತು ಬಂದ ಪ್ರಕರಣ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ಮತ್ತು ಸೌರವಿದ್ಯುತ್ ತಂತಿಗಳ ನಡುವಿನದು ಎಂಬುದನ್ನು ಗಮನಿಸಿ. ಹೈಟೆನ್ಷನ್ ತಂತಿಗೆ ಬಡಿದು ಸಾಯುವ ಹಕ್ಕಿಗೆ ಅದು ಶುದ್ಧ ಇಂಧನದ ತಂತಿ ಎಂಬ ಸಮಾಧಾನವಿಲ್ಲ. ತೂಗಿ ನೋಡುವ ಕಷ್ಟದಿಂದ ಯಾವ ಇಂಧನವೂ ನಮ್ಮನ್ನು ಪಾರುಮಾಡುವುದಿಲ್ಲ.

ಹಾಗಾಗಿ ನನ್ನ ಬೇಡಿಕೆ ಸ್ಪಷ್ಟವಾಗಿದೆ. ಜಾಗ ಗೊತ್ತುಮಾಡುವ ಮೊದಲೇ, ಪರ್ಯಾಯಗಳು ಇನ್ನೂ ಮೇಜಿನ ಮೇಲಿರುವಾಗಲೇ ಸಭೆ ಕರೆಯಬೇಕು. ವರದಿ ಬರೆಯುವವರನ್ನು ಯೋಜನೆಯವರು ಆರಿಸಬಾರದು, ಹಣವನ್ನೂ ನೇರವಾಗಿ ಕೊಡಬಾರದು. ಪೂರ್ಣ ವರದಿ ಕನ್ನಡದಲ್ಲಿ ಪಂಚಾಯಿತಿ ಕಟ್ಟೆಯವರೆಗೂ ಬರಬೇಕು. ಭೂಮಿಯಿಲ್ಲದವರಿಗೂ ಗ್ರಾಮಸಭೆಯಲ್ಲಿ ಸಮಾನ ಮಾತು, ಯೋಜನೆಯ ಆದಾಯದಲ್ಲಿ ಪಾಲು ಇರಬೇಕು. ಸೌರಪಾರ್ಕ್‌ಗಳೂ ಇದರಿಂದ ಹೊರಗಿರಬಾರದು. ಇದಿಷ್ಟನ್ನೂ ಪ್ರಣಾಳಿಕೆಯಲ್ಲಿ ಬರೆಯುವ ಪಕ್ಷ ಯಾವುದಿದ್ದರೂ, ಅದರ ಬಣ್ಣ ನೋಡದೆ ನಾನು ಬೆಂಬಲಿಸುತ್ತೇನೆ. ಅದಕ್ಕೂ ಮುಂಚೆ ಆಗಬೇಕಾದ ಒಂದು ಕೆಲಸ ಸರ್ಕಾರದ ಕೈಯಲ್ಲೇ ಇದೆ, ಹೊಸ ಕಾನೂನೂ ಬೇಕಿಲ್ಲ: ಶರಾವತಿಯ ಹೊಸ ಯೋಜನೆಯ ಬಗ್ಗೆ ಆಕ್ಷೇಪ ಬರೆದುಕೊಟ್ಟ ಒಬ್ಬೊಬ್ಬರಿಗೂ ಅವರು ಕೇಳಿದ ಪ್ರಶ್ನೆಗೆ ಕನ್ನಡದಲ್ಲಿ ಲಿಖಿತ ಉತ್ತರ ಕೊಡುವುದು, ಅದು ತಲುಪುವವರೆಗೆ ಕಣಿವೆಯಲ್ಲಿ ಒಂದು ಮರವನ್ನೂ ಮುಟ್ಟದಿರುವುದು.